ಕೊಡಗಿನ ಮನೆಗೆ ಹಸಿರು ಸರ್ಟಿಫಿಕೇಟ್: ಹಳೇ ಮನೆಯ ಪಟ್ಟಿಯಿಂದ ಆಡಿಟರ್ ಬರುವ ತನಕ

ಮಡಿಕೇರಿಯಿಂದ ಯಾವ ರಸ್ತೆ ಹಿಡಿದರೂ ‘ಇಕೋ ಫ್ರೆಂಡ್ಲಿ ಹೋಂಸ್ಟೇ’ ಅನ್ನುವ ಬೋರ್ಡು ಸಿಗುತ್ತದೆ. ಬೋರ್ಡು ಬರೆಸಲು ಒಬ್ಬ ಪೇಂಟರ್ ಸಾಕು. ಆ ಕಟ್ಟಡಕ್ಕೆ ಎಷ್ಟು ಸಿಮೆಂಟ್ ಹೋಯಿತು, ಅಲ್ಲೇ ಇದ್ದ ಹಳೇ ಮನೆಯ ಮರ ಎಲ್ಲಿಗೆ ಹೋಯಿತು, ನಾಳೆ ಇದನ್ನೂ ಬಿಚ್ಚಿದರೆ ಏನು ವಾಪಸ್ ಸಿಗುತ್ತದೆ ಅಂತ ಕೇಳಿ ನೋಡಿ. ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೊಟ್ಟು, ಅದನ್ನು ಹೊರಗಿನ ಆಡಿಟರ್ ಒಬ್ಬರು ಪರೀಕ್ಷಿಸಿ ಒಪ್ಪಿದರೆ ಅದಕ್ಕೆ ಸರ್ಟಿಫಿಕೇಟ್ ಅನ್ನುತ್ತೇವೆ.

ತೋಟದಲ್ಲಿ ಹಳೇ ಹಂಚಿನ ಮನೆ ಇದೆ, ಅದನ್ನು ಕೆಡವಿ ಕಟ್ಟೋಣವಾ, ದೊಡ್ಡದು ಮಾಡೋಣವಾ, ನಾಲ್ಕು ರೂಮಿನ ಹೋಂಸ್ಟೇ ಮಾಡೋಣವಾ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸರ್ಕ್ಯುಲರ್ ಎಕಾನಮಿ ಅಂದರೆ ವಸ್ತು ಒಂದು ಸಲ ಬಳಸಿ ಕಸವಾಗದೆ, ಮತ್ತೆ ಮತ್ತೆ ಬಳಕೆಗೆ ಬರುವ ವ್ಯವಸ್ಥೆ. ಮಾಮೂಲಿ ಹಸಿರು ರೇಟಿಂಗ್, ಅಂದರೆ ಕಟ್ಟಡ ಪರಿಸರಕ್ಕೆ ಎಷ್ಟು ಹಗುರ ಅಂತ ಅಂಕ ಕೊಡುವ ಪದ್ಧತಿ, ಹೆಚ್ಚಾಗಿ ಕರೆಂಟು ಮತ್ತು ನೀರಿನ ಲೆಕ್ಕ ಕೇಳುತ್ತದೆ. ಸರ್ಕ್ಯುಲರ್ ಮೌಲ್ಯಮಾಪನ ಅದರ ಜೊತೆಗೆ ಸಾಮಗ್ರಿ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗುತ್ತೆ ಎಂದೂ ಕೇಳುತ್ತದೆ.

ಕೊಡಗಿನಲ್ಲಿ ಈ ಎರಡನೇ ಪ್ರಶ್ನೆಯೇ ಮುಖ್ಯ ಅಂತ ನನ್ನ ಅಭಿಪ್ರಾಯ. ಕಾರಣ ಸರಳ. ಮಡಿಕೇರಿ, ಭಾಗಮಂಡಲ, ಪೊನ್ನಂಪೇಟೆ ಕಡೆ ಮನೆಗೆ ಎಸಿ ಬೇಕಿಲ್ಲ, ವರ್ಷದ ಬಹುಪಾಲು ಫ್ಯಾನೂ ಬೇಡ. ಬಿಸಿನೀರು ಬಿಟ್ಟರೆ ದೊಡ್ಡ ಕರೆಂಟ್ ಖರ್ಚಿಲ್ಲ. ಹಾಗಾದರೆ ಇಲ್ಲಿನ ಮನೆಯ ಕಾರ್ಬನ್ ಹೊರೆ, ಅಂದರೆ ಅದಕ್ಕಾಗಿ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್, ಎಲ್ಲಿದೆ? ಗೋಡೆಯಲ್ಲಿ, ಸ್ಲ್ಯಾಬಿನಲ್ಲಿ, ಲಾರಿಯಲ್ಲಿ ಘಾಟಿ ಹತ್ತಿ ಬಂದ ಸಿಮೆಂಟ್ ಮೂಟೆಯಲ್ಲಿ.

ಹಂತ 1: ಕೆಡವಲೇಬೇಕಾ?

ಬಡಗಿಯನ್ನೂ ಒಬ್ಬ ಎಂಜಿನಿಯರನ್ನೂ ಒಟ್ಟಿಗೆ ಕರೆದು ಮನೆ ಸುತ್ತಿಸಿ. ಬೇರೆ ಬೇರೆ ದಿನ ಕರೆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಮೂರು ಜಾಗ ನೋಡಬೇಕು. ತಳಪಾಯ ಒಂದು ಕಡೆ ಕುಸಿದಿದೆಯಾ? ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದೆಯಾ? ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ಮರ ಮೆತ್ತಗಾಗಿದೆಯಾ? ಈ ಮೂರನೆಯದನ್ನು ಯಾರೂ ನೋಡುವುದಿಲ್ಲ. ತೊಲೆಯ ನಡುಭಾಗ ಕಬ್ಬಿಣದ ಹಾಗೆ ಇರುತ್ತೆ, ಆದರೆ ಗೋಡೆಯ ತೇವ ಕುಡಿದು ತುದಿ ಒಳಗಿಂದಲೇ ಕೊಳೆತಿರುತ್ತೆ. ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ. ಅರ್ಧ ಇಂಚು ಸುಲಭವಾಗಿ ಹೋದರೆ ಆ ತುದಿ ಹೋಯಿತು ಅಂತ ಲೆಕ್ಕ. ಹಾಗಂತ ಇಡೀ ತೊಲೆ ಹೋಗಿಲ್ಲ. ತುದಿ ಕತ್ತರಿಸಿ, ಗೋಡೆಗಳ ನಡುವೆ ಅಂತರ ಕಡಿಮೆ ಇರುವ ಚಿಕ್ಕ ಅಂಕಣಕ್ಕೆ ಹಾಕಬಹುದು.

ಈ ಮೂರೂ ಸರಿ ಇದ್ದರೆ ಕೆಡವಬೇಡಿ, ರಿಪೇರಿ ಮಾಡಿ. ಎಲ್ಲ ರೇಟಿಂಗ್ ಪದ್ಧತಿಗಳಲ್ಲೂ ಸಾಮಗ್ರಿ ವಿಭಾಗದಲ್ಲಿ ಅದಕ್ಕಿಂತ ದೊಡ್ಡ ಉಳಿತಾಯ ಸಿಗುವುದು ಕಷ್ಟ. ಇನ್ನು ಅದು ಐನ್‌ಮನೆಯಾದರೆ ಮಾತೇ ಬೇರೆ. ಅದು ಕೊಡವ ಕುಟುಂಬದ ಮೂಲಮನೆ, ಇಡೀ ಒಕ್ಕದ (ಕುಲದ) ಆಸ್ತಿ. ಕುಟುಂಬದ ಹಿರಿಯರಾದ ಪಟ್ಟೆದಾರರಿಂದ ಹಿಡಿದು ಎಲ್ಲರ ಒಪ್ಪಿಗೆ ಬರಹದಲ್ಲಿ ಸಿಗುವ ತನಕ ಒಂದು ಹಂಚನ್ನೂ ಮುಟ್ಟಬೇಡಿ.

ಹಂತ 2: ಜಾಗ ಮತ್ತು ಬರೆ (ಗುಡ್ಡದ ಇಳಿಜಾರು)

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆ ಆದ ಭೂಕುಸಿತದ ಬಗ್ಗೆ ಕೊಡಗಿನವರಿಗೆ ಹೇಳಬೇಕಿಲ್ಲ. ಬರೆ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಎಷ್ಟೇ ಹಸಿರು ಕಟ್ಟಡ ಕಟ್ಟಿದರೂ ಅದು ಜಾರಿದರೆ ಮರುಬಳಕೆಯ ಮಾತೇ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಅದರಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಆಮೇಲೆ ಮಳೆಗಾಲದಲ್ಲಿ ಒಮ್ಮೆ ಹೋಗಿ ಉಜಿರು ನೀರು (ನೆಲದಿಂದ ಒಸರುವ ನೀರು) ಎಲ್ಲಿ ಏಳುತ್ತೆ ನೋಡಿ. ಕುಶಾಲನಗರದ ಕಡೆಯಾದರೆ ಬರೆಯ ಬದಲು ಹೊಳೆಯ ಚಿಂತೆ. 2018 ಮತ್ತು 2019ರಲ್ಲಿ ಕಾವೇರಿ ನೀರು ಎಲ್ಲಿ ತನಕ ಬಂತು ಅಂತ ಅಕ್ಕಪಕ್ಕದವರನ್ನು ಕೇಳಿ, ಗೋಡೆಯ ಕಲೆ ತೋರಿಸುತ್ತಾರೆ.

ಮಣ್ಣು ತೆಗೆಯಲೇಬೇಕಾದರೆ ಮೇಲಿನ ಕಪ್ಪು ಮಣ್ಣನ್ನು ಬೇರೆ ರಾಶಿ ಹಾಕಿಸಿ ಮುಚ್ಚಿಡಿ. ಮೇಲ್ಮಣ್ಣು ಉಳಿಸುವುದಕ್ಕೆ ರೇಟಿಂಗ್‌ಗಳಲ್ಲಿ ಅಂಕ ಇದೆ. ಅದಕ್ಕಿಂತ ಮುಖ್ಯ, ಕಾಫಿ ನರ್ಸರಿಗೆ ಅದೇ ಬೇಕು. ಜೆಸಿಬಿಯವರು ಎರಡನ್ನೂ ಬೆರೆಸಿ ಕೆಳಗಿನ ತೋಡಿಗೆ ತಳ್ಳುವ ಮೊದಲು ಅಲ್ಲಿ ನೀವು ನಿಂತಿರಬೇಕು.

ಹಂತ 3: ಹಳೇ ಮನೆಯ ದಾಸ್ತಾನು ಪಟ್ಟಿ

ಈ ಇಡೀ ಕೆಲಸದಲ್ಲಿ ಇದೇ ಜೀವಾಳ. ಗುಜರಿಯವರಿಗೆ ‘ಒಟ್ಟಾರೆ ಇಷ್ಟು’ ಅಂತ ಮಾತಾಡಿ ಮನೆ ಒಪ್ಪಿಸುವ ಮೊದಲು ಪಟ್ಟಿ ಮಾಡಿ. ಬೇಕಾಗಿರುವುದು ಟೇಪು, ಫೋನು, ಒಂದು ನೋಟ್‌ಬುಕ್ಕು, ಕಾಫಿ ಚೀಲ ತೂಗುವ ತಕ್ಕಡಿ.

ಹಂಚಿನಿಂದ ಶುರು ಮಾಡಿ. ಮಂಗಳೂರು ಹಂಚು ಒಂದು ಚದರ ಮೀಟರ್‌ಗೆ ಸುಮಾರು 15 ಕೂರುತ್ತದೆ, ಒಂದೊಂದು 2ರಿಂದ 3 ಕಿಲೋ ತೂಗುತ್ತದೆ. ಹತ್ತು ಹಂಚು ಇಳಿಸಿ ತೂಗಿ ಸರಾಸರಿ ತೆಗೆಯಿರಿ. ಬೆರಳ ಗೆಣ್ಣಿನಿಂದ ತಟ್ಟಿ: ಖಣ್ ಅಂತ ಕೇಳಿಸಿದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕು. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ, ಅದರ ಫೋಟೋ ತೆಗೆಯಿರಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನೂರು ವರ್ಷ ದಾಟಿದ ಹಂಚು ಈಗಲೂ ಮಳೆ ತಡೆಯುತ್ತಿದ್ದರೆ ಅದರ ಬಾಳಿಕೆಗೆ ಬೇರೆ ಸಾಕ್ಷಿ ಬೇಡ. ಆದರೆ ಎರಡು ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅಚ್ಚು ನೋಡಿ ಬೇರೆ ಬೇರೆ ಅಟ್ಟಿ ಹಾಕಿಸಿ.

ಪಟ್ಟಿಯ ಒಂದು ಸಾಲು ಹೀಗಿರಲಿ: ‘ಹಂಚು, ಮುಂಭಾಗದ ಮಾಡು (ಛಾವಣಿ), 1500, ಸರಾಸರಿ 2.5 ಕಿಲೋ, ಗಟ್ಟಿ 1200, ಮತ್ತೆ ಇದೇ ಮನೆಗೆ, ಫೋಟೋ 14ರಿಂದ 19.’ ಏನು, ಎಲ್ಲಿ, ಎಷ್ಟು, ಸ್ಥಿತಿ, ಎಲ್ಲಿಗೆ, ಸಾಕ್ಷಿ. ಆರು ಕಾಲಂ ಸಾಕು.

ಮರದ್ದು ಸ್ವಲ್ಪ ಸೂಕ್ಷ್ಮ. ತೊಲೆ, ಪಕ್ಕಾಸು (ಹಂಚಿನ ಭಾರ ಹೊರುವ ಓರೆ ಮರ), ರೀಪು (ಹಂಚು ಕೂರುವ ಅಡ್ಡ ಪಟ್ಟಿ), ಬಾಗಿಲು, ಕಿಟಕಿ ಬೇರೆ ಬೇರೆ ಬರೆಯಿರಿ. ಜಾತಿಯನ್ನು ಬಡಗಿಯಿಂದ ಹೇಳಿಸಿ: ಬೀಟೆಯಾ, ತೇಗವಾ, ಹೊನ್ನೆಯಾ, ನಂದಿಯಾ, ಹಲಸಾ. ಮೊಳೆ ಕಿತ್ತ ಮೇಲೆಯೇ ಸಾಮಿಲ್ಲಿಗೆ ಕಳಿಸಿ, ಇಲ್ಲದಿದ್ದರೆ ಗರಗಸ ಹಾಳಾಗಿ ಜಗಳ ಆಗುತ್ತೆ. ಹಳೇ ಮರವಾದರೂ ಮನೆಯ ಅಂಗಳ ದಾಟಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ, ಬೇಕಾದ ಕಾಗದ ಮಾಡಿಸಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ‘ಇದು ಅಜ್ಜನ ಕಾಲದ ತೊಲೆ ಸಾರ್’ ಅಂದರೆ ನಡೆಯುವುದಿಲ್ಲ.

ತಳಪಾಯದ ಸೈಜುಗಲ್ಲು ಪೂರ್ತಿ ವಾಪಸ್ ಬರುತ್ತದೆ. ಇಟ್ಟಿಗೆಯದ್ದು ಗಾರೆಯ ಮೇಲೆ ನಿಂತಿದೆ. ಮಣ್ಣಿನಲ್ಲೋ ಸುಣ್ಣದಲ್ಲೋ ಕಟ್ಟಿದ ಗೋಡೆಯಾದರೆ ಇಟ್ಟಿಗೆ ಒಂದೊಂದಾಗಿ ಬಿಡುತ್ತದೆ. ಸಿಮೆಂಟ್ ಗಾರೆಯಾದರೆ ಇಟ್ಟಿಗೆಯೇ ಒಡೆಯುತ್ತದೆ, ಗಾರೆ ಬಿಡುವುದಿಲ್ಲ. ಇದನ್ನು ನೆನಪಿಡಿ, ಹಂತ 6ರಲ್ಲಿ ಬೇಕಾಗುತ್ತದೆ.

ಎಲ್ಲವನ್ನೂ ಮತ್ತೆ ಬಳಸಬಾರದು ಎಂಬುದೂ ಅಷ್ಟೇ ಮುಖ್ಯ. ಹಳೇ ಲೈನ್‌ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಾಡಿನಲ್ಲಿ ಆಸ್ಬೆಸ್ಟಾಸ್ ಶೀಟ್ ಇರುತ್ತದೆ. ಅದನ್ನು ಒಡೆಯಬೇಡಿ, ಕೊರೆಯಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿ, ಇಡೀ ಶೀಟಾಗಿಯೇ ಇಳಿಸಿ ಬೇರೆ ಇಡಿ. ‘ಕೊಟ್ಟಿಗೆಗೆ ಆಗುತ್ತೆ’ ಅಂತ ಯಾರಿಗೂ ದಾನ ಮಾಡಬೇಡಿ. ಹಳೇ ಬಣ್ಣದ ಬಾಗಿಲುಗಳನ್ನು ಒಣಗಿದ್ದ ಹಾಗೇ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ಕೊನೆಗೆ. ಅದಕ್ಕಿಂತ ಹಳೆಯ ಬಣ್ಣದ ಧೂಳು ಮಕ್ಕಳಿರುವ ಮನೆಗೆ ಬೇಡ.

ಕೆಡವಿದ ಮೇಲೆ ಉಳಿಯುವ ಅವಶೇಷವನ್ನು ನಾಲ್ಕು ರಾಶಿ ಮಾಡಿ: ಕಾಂಕ್ರೀಟ್, ಮಣ್ಣು, ಇಟ್ಟಿಗೆ ಮತ್ತು ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್. 2016ರ ಕಟ್ಟಡ ತ್ಯಾಜ್ಯ ನಿಯಮ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ದಾಟುವವರಿಗೆ ಹೇಳಿದ ವಿಂಗಡಣೆ ಇದು. ನಮ್ಮ ಮನೆ ಆ ಮಿತಿ ದಾಟದಿದ್ದರೂ ವಿಂಗಡಣೆ ಅದೇ ಸಾಕು. 2025ರಲ್ಲಿ ಪ್ರಕಟವಾಗಿ 2026ರ ಏಪ್ರಿಲ್‌ಗೆ ಜಾರಿಯಾದ ಹೊಸ ನಿಯಮಗಳ ಭಾರ ಬೀಳುವುದು 20,000 ಚದರ ಮೀಟರ್ ಮೀರಿದ ದೊಡ್ಡ ಯೋಜನೆಗಳ ಮೇಲೆ.

ಹಂತ 4: ಯಾವ ಸರ್ಟಿಫಿಕೇಟ್?

‘ಸ್ವಗೃಹ’ ಎಂಬ ರೇಟಿಂಗ್ 2,500 ಚದರ ಮೀಟರ್‌ಗಿಂತ ಚಿಕ್ಕ ಕಟ್ಟಡಗಳಿಗೆ. ಇದು ‘ಗೃಹ’ ಎಂಬ ರೇಟಿಂಗ್ ಪದ್ಧತಿಯ ತಮ್ಮ. ‘ಗೃಹ’ ಪದ್ಧತಿ ರೂಪಿಸಿದ್ದು ಇಂಧನ ಸಂಶೋಧನೆಯ ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ. ಒಂದರಿಂದ ಐದು ನಕ್ಷತ್ರದ ತನಕ ಕೊಡುತ್ತಾರೆ. ಮಾನದಂಡಗಳು ಕಡಿಮೆ, ಲೆಕ್ಕ ಸರಳ. ಸಾಮಾನ್ಯ ಮನೆಗೆ ಇದೇ ಹೊಂದುತ್ತದೆ.

ಐಜಿಬಿಸಿ ಅಂದರೆ ಭಾರತೀಯ ಹಸಿರು ಕಟ್ಟಡ ಮಂಡಳಿ. 2001ರಲ್ಲಿ ಕೈಗಾರಿಕೆಗಳ ಒಕ್ಕೂಟ ಸಿಐಐ ಶುರು ಮಾಡಿದ್ದು, ಕೇಂದ್ರ ಹೈದರಾಬಾದ್. ಇವರ ಗ್ರೀನ್ ಹೋಮ್ಸ್ ರೇಟಿಂಗ್‌ನಲ್ಲಿ ಸರ್ಟಿಫೈಡ್, ಸಿಲ್ವರ್, ಗೋಲ್ಡ್, ಪ್ಲಾಟಿನಮ್ ಎಂಬ ಮಟ್ಟಗಳಿವೆ. ಬೆಂಗಳೂರಿನ ಅತಿಥಿಗಳಿಗೆ ಈ ಹೆಸರು ಪರಿಚಿತ. ಹೋಂಸ್ಟೇ, ರೆಸಾರ್ಟ್ ಮಾಡುವವರಿಗೆ ಅದರಿಂದ ಪ್ರಯೋಜನ ಉಂಟು.

ಎಡ್ಜ್ ಎಂಬುದು ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಸಂಸ್ಥೆಯದ್ದು. ಮಾಮೂಲಿ ಕಟ್ಟಡಕ್ಕೆ ಹೋಲಿಸಿದರೆ ಶಕ್ತಿ, ನೀರು, ಸಾಮಗ್ರಿ ಮೂರರಲ್ಲೂ ಕನಿಷ್ಠ ಶೇ 20 ಉಳಿಸಬೇಕು. ಒಂದರಲ್ಲಿ ಜಾಸ್ತಿ ಮಾಡಿ ಇನ್ನೊಂದನ್ನು ಮುಚ್ಚಿಕೊಳ್ಳಲು ಆಗುವುದಿಲ್ಲ. ಅದರ ಆ್ಯಪ್ ಉಚಿತ. ಸರ್ಟಿಫಿಕೇಟ್ ಬೇಡವಾದರೂ ಆ್ಯಪ್‌ನಲ್ಲಿ ನಿಮ್ಮ ಮನೆ ಹಾಕಿ ನೋಡಿ. ಗೋಡೆಗೆ ‘ಇರುವುದನ್ನೇ ಮರುಬಳಸಿದ್ದು’ ಎಂದು ಆರಿಸಿದರೆ ಅದರ ಹೊರೆ ಸೊನ್ನೆಯಾಗುತ್ತದೆ. ಆ ಗೋಡೆ ಐದು ವರ್ಷಕ್ಕಿಂತ ಹಳೆಯದು ಎಂದು ತೋರಿಸುವ ಸಾಕ್ಷಿ ಬೇಕು. ಹಂತ 3ರ ಫೋಟೋಗಳು ಕೆಲಸಕ್ಕೆ ಬರುವುದು ಇಲ್ಲೇ.

ಲೀಡ್ ಅಮೆರಿಕದ್ದು, 110 ಅಂಕಗಳ ಪದ್ಧತಿ. ನಾಲ್ಕು ರೂಮಿನ ಹೋಂಸ್ಟೇಗೆ ಅದರ ಕಾಗದಪತ್ರದ ಕೆಲಸ ಅತಿಯಾಯಿತು ಅನ್ನಿಸುತ್ತದೆ.

ಇವೆಲ್ಲದರ ಪಕ್ಕದಲ್ಲಿ ಯುರೋಪಿಯನ್ ಒಕ್ಕೂಟದ ‘ಲೆವೆಲ್ಸ್’ ಎಂಬ ಚೌಕಟ್ಟನ್ನು ಇಟ್ಟುಕೊಳ್ಳಿ. ಅದು ಸರ್ಟಿಫಿಕೇಟ್ ಕೊಡುವುದಿಲ್ಲ, ನಕ್ಷತ್ರವೂ ಇಲ್ಲ. ಆದರೆ ಸರ್ಕ್ಯುಲರ್ ವಿಷಯದಲ್ಲಿ ಅದು ಕೇಳುವ ನಾಲ್ಕು ಪ್ರಶ್ನೆಗಳು ಚೆನ್ನಾಗಿವೆ: ಸಾಮಗ್ರಿಗಳ ಪಟ್ಟಿ ಮತ್ತು ಆಯುಸ್ಸು ಏನು, ಕಟ್ಟುವಾಗ ಮತ್ತು ಕೆಡವುವಾಗ ಎಷ್ಟು ತ್ಯಾಜ್ಯ, ಬಳಕೆ ಬದಲಾದರೆ ಕಟ್ಟಡ ಹೊಂದಿಕೊಳ್ಳುತ್ತಾ, ಬಿಚ್ಚಿ ಮತ್ತೆ ಬಳಸಲು ಆಗುತ್ತಾ. ನಮ್ಮ ರೇಟಿಂಗ್‌ಗಳು ಕೊನೆಯ ಎರಡನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಸ್ವಂತ ವಾಸದ ಮನೆಯಾದರೆ ನಾನು ಎಡ್ಜ್ ಆ್ಯಪ್ ಮತ್ತು ಈ ನಾಲ್ಕು ಪ್ರಶ್ನೆ ಸಾಕು ಅನ್ನುತ್ತೇನೆ. ಫಲಕಕ್ಕೆ ಕೊಡುವ ದುಡ್ಡನ್ನು ಒಳ್ಳೇ ಬಡಗಿಗೆ ಕೊಡಿ.

ಹಂತ 5: ಲೆಕ್ಕ

‘ಮರುಬಳಕೆ ಮಾಡಿದ್ದೇವೆ’ ಅಂತ ಬಾಯಲ್ಲಿ ಹೇಳುವುದಕ್ಕೂ ಸಂಖ್ಯೆಯಲ್ಲಿ ತೋರಿಸುವುದಕ್ಕೂ ವ್ಯತ್ಯಾಸ ಇದೆ. ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ 2015ರಲ್ಲಿ ಹೊರತಂದ, ವಸ್ತು ಎಷ್ಟರಮಟ್ಟಿಗೆ ಮತ್ತೆ ಬಳಕೆಗೆ ಬರುತ್ತದೆ ಅಂತ ಅಳೆಯುವ ಒಂದು ಸೂಚ್ಯಂಕ ಇದೆ. ಅದರ ಸರಳ ರೂಪ ಹೀಗೆ: ಹೊಸದಾಗಿ ತಂದ ವಸ್ತುವಿನ ತೂಕಕ್ಕೆ, ಕೊನೆಗೆ ಕಸವಾಗುವ ತೂಕ ಸೇರಿಸಿ. ಅದನ್ನು ಒಟ್ಟು ತೂಕದ ಎರಡರಷ್ಟರಿಂದ ಭಾಗಿಸಿ. ಬಂದದ್ದನ್ನು 0.9ರಿಂದ ಗುಣಿಸಿ, 1ರಿಂದ ಕಳೆಯಿರಿ. ಉತ್ತರ 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಇಲ್ಲಿ ವಸ್ತುವಿನ ಆಯುಸ್ಸು ಮಾಮೂಲಿಯಷ್ಟೇ ಎಂದು ಹಿಡಿದಿದ್ದೇವೆ. ಜಾಸ್ತಿ ಬಾಳಿದರೆ ಅಂಕವೂ ಏರುತ್ತದೆ.

ನಮ್ಮ ಮಾಡಿಗೆ ಹಾಕಿ ನೋಡೋಣ. 100 ಚದರ ಮೀಟರ್, 1500 ಹಂಚು, ಒಟ್ಟು 3,750 ಕಿಲೋ. ಅದರಲ್ಲಿ 1200 ಹಳೆಯದು. ಹೊಸದು 300, ಅಂದರೆ 750 ಕಿಲೋ. ಮುಂದೊಂದು ದಿನ ಇಳಿಸುವಾಗ ಐದಕ್ಕೊಂದು ಒಡೆಯುತ್ತದೆ ಅಂತಿಟ್ಟುಕೊಳ್ಳಿ, ಕಸ 750 ಕಿಲೋ. ಎರಡೂ ಸೇರಿ 1,500. ಒಟ್ಟು ತೂಕದ ಎರಡರಷ್ಟು 7,500. ಭಾಗಿಸಿದರೆ 0.2. ಗುಣಿಸಿದರೆ 0.18. ಉತ್ತರ 0.82.

ಅದೇ ಜಾಗಕ್ಕೆ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ 12.5 ಘನ ಮೀಟರ್, ಹೆಚ್ಚುಕಮ್ಮಿ 31 ಟನ್. ಎಲ್ಲ ಹೊಸದು, ಕೊನೆಗೆ ಎಲ್ಲ ಕಸ. ಉತ್ತರ 0.1. ಕಂಬಿ ಗುಜರಿಗೆ ಹೋಗುತ್ತಲ್ವಾ ಅಂತ ಮೇಸ್ತ್ರಿ ಕೇಳಬಹುದು. ಹೋಗುತ್ತೆ, ಆದರೆ ತೂಕದಲ್ಲಿ ಕಂಬಿ ನೂರಕ್ಕೆ ಮೂರರಷ್ಟೇ ಬರುತ್ತದೆ. ಉತ್ತರ ಜಾಸ್ತಿ ಬದಲಾಗುವುದಿಲ್ಲ. ಹಂಚಿನ ಕೆಳಗಿನ ಮರದ ಲೆಕ್ಕವನ್ನೂ ಹೀಗೇ ಬೇರೆಯಾಗಿ ಮಾಡಿ ಸೇರಿಸಬೇಕು, ಅದನ್ನು ಬಿಟ್ಟರೆ ಹೋಲಿಕೆ ನ್ಯಾಯವಲ್ಲ.

ಕಾರ್ಬನ್ ಲೆಕ್ಕವನ್ನು ಯುರೋಪಿನ ಇಎನ್ 15978 ಮಾನಕದಂತೆ ಹಂತಗಳಾಗಿ ಬರೆಯುವ ರೂಢಿ. ಎ ಅಂದರೆ ಸಾಮಗ್ರಿ ತಯಾರಿ, ಸಾಗಣೆ, ಕಟ್ಟುವಿಕೆ. ಬಿ ಬಳಕೆಯ ಕಾಲ. ಸಿ ಕೆಡವುವುದು. ಡಿ ಆಮೇಲೆ ಇನ್ನೊಂದು ಕಟ್ಟಡಕ್ಕೆ ಸಿಗುವ ಲಾಭ, ಇದನ್ನು ಯಾವತ್ತೂ ಬೇರೆಯಾಗಿಯೇ ತೋರಿಸಬೇಕು. ನಮ್ಮ ಮನೆಗಳಲ್ಲಿ ಎ ಹಂತವೇ ಭಾರ, ಅದರಲ್ಲೂ ಸಿಮೆಂಟ್. ಬೂದಿ ಬೆರೆಸದ ಸಾದಾ ಸಿಮೆಂಟ್ ಒಂದು ಕಿಲೋಗೆ ಸುಮಾರು 0.8ರಿಂದ 0.9 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಾರುಬೂದಿ ಬೆರೆತ ಪಿಪಿಸಿ, ಕಬ್ಬಿಣದ ಕಾರ್ಖಾನೆಯ ಕಿಟ್ಟ ಬೆರೆತ ಪಿಎಸ್‌ಸಿ ಎರಡೂ ಇದಕ್ಕಿಂತ ಕಡಿಮೆ. ಮೂಟೆಯ ಮೇಲೆ ಬರೆದಿರುತ್ತದೆ, ಇಳಿಸಿಕೊಳ್ಳುವಾಗ ಓದಿ.

ಒಡೆದ ಕಾಂಕ್ರೀಟನ್ನು ಜಲ್ಲಿಯಾಗಿ ಬಳಸಲು ಜಲ್ಲಿ-ಮರಳಿನ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಅವಕಾಶ ಕೊಟ್ಟಿದೆ. ಜಲ್ಲಿಯಲ್ಲಿ ಅದರ ಪಾಲು ಹೆಚ್ಚೆಂದರೆ ಕಂಬಿ ಇಲ್ಲದ ಕಾಂಕ್ರೀಟಿಗೆ ಶೇ 25, ಎಂ25 ಎಂಬ ಗಟ್ಟಿತನದ ದರ್ಜೆ ತನಕದ ಆರ್‌ಸಿಸಿಗೆ ಶೇ 20, ನೆಲದಡಿಯ, ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿಗೆ ಪೂರ್ತಿ. ಹತ್ತಿರದಲ್ಲಿ ಕ್ರಷರ್ ಸಿಗದಿದ್ದರೆ ಆರ್‌ಸಿಸಿಯ ಆಸೆ ಬಿಡಿ. ಕೈಯಲ್ಲಿ ಒಡೆದು ನೆಲದಡಿಗೆ ಹಾಕಿ.

ಹಂತ 6: ಬಿಚ್ಚುವ ಹಾಗೆ ಕಟ್ಟಿ

ಕಟ್ಟಡ ಬಿಚ್ಚುವ ವಿನ್ಯಾಸಕ್ಕೆ ಐಎಸ್‌ಒ 20887 ಎಂಬ ಅಂತಾರಾಷ್ಟ್ರೀಯ ಮಾನಕ 2020ರಲ್ಲಿ ಬಂದಿದೆ. ನಮ್ಮ ಹಳೇ ಬಡಗಿಗಳು ಗೂಟ ಹೊಡೆದು ಕೂರಿಸುತ್ತಿದ್ದ ಕೀಲುಗಳನ್ನು ನೋಡಿದರೆ ಅದರ ಅರ್ಧ ವಿಷಯ ಗೊತ್ತಾಗುತ್ತದೆ. ಮೊಳೆಯ ಬದಲು ಬೋಲ್ಟು, ಸ್ಕ್ರೂ. ಗೋಡೆಗೆ ಸಾಧ್ಯವಿರುವಲ್ಲಿ ಸುಣ್ಣದ ಗಾರೆ ಅಥವಾ ಗಾರೆ ಬೇಡದ ಇಂಟರ್‌ಲಾಕ್ ಇಟ್ಟಿಗೆ. ವೈರಿಂಗ್, ಪೈಪು ಗೋಡೆಯೊಳಗೆ ಹೂಳದೆ ಹೊರಗೇ ಓಡಿಸುವುದು. ನೋಡಲು ಚೆಂದವಿಲ್ಲ ಅಂತ ಮನೆಯವರು ತಕರಾರು ತೆಗೆಯುತ್ತಾರೆ. ಮರದ ಪಟ್ಟಿಯಿಂದ ಮುಚ್ಚಿ ಕೊಡಿ, ಒಪ್ಪುತ್ತಾರೆ.

ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಮಣ್ಣಿನ ಬ್ಲಾಕ್ ಇನ್ನೊಂದು ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತವರ ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ತಳಪಾಯಕ್ಕೆ ತೆಗೆದ ಮಣ್ಣೇ ಗೋಡೆಯಾಗಬಹುದು. ಆದರೆ ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಬೀಳುವ ಕಡೆ ಎರಡು ಷರತ್ತು ಬಿಡಬೇಡಿ: ಗೋಡೆ ನಿಲ್ಲುವ ಕಲ್ಲಿನ ಪಂಚಾಂಗ (ಅಡಿಕಟ್ಟು) ಎತ್ತರ ಇರಬೇಕು, ಮಾಡಿನ ಸೂರು ಮೂರು ಅಡಿ ಹೊರಗೆ ಚಾಚಬೇಕು. ಗಾಳಿಮಳೆ ಹೊಡೆಯುವ ಪಡುವಣ ಗೋಡೆಗೆ ಕಲ್ಲೋ ಸುಟ್ಟ ಇಟ್ಟಿಗೆಯೋ ಇರಲಿ.

ಹಂತ 7: ಶಕ್ತಿ, ನೀರು

ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಮಾಡಿನ ಶಾಖ ದಾಟುವಿಕೆಗೆ ಒಂದು ಚದರ ಮೀಟರ್‌ಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್ ಎಂಬ ಮಿತಿ ಇಟ್ಟಿದೆ. ಬರೀ ಹಂಚು ಇದರೊಳಗೆ ಬರುವುದಿಲ್ಲ. ಕೆಳಗೆ ಹಲಗೆಯ ಸೀಲಿಂಗ್ ಮಾಡಿ ಅದರ ಮೇಲೆ ಒಂದಿಂಚಿನ ಶಾಖ ನಿರೋಧಕ ಹಾಸಿದರೆ ಬರುತ್ತದೆ. ಅಂಟು ಹಾಕಬೇಡಿ, ಸುಮ್ನೆ ಹಾಸಿ.

ನೀರಿನ ಲೆಕ್ಕ ಕೊಡಗಿನಲ್ಲಿ ಸುಲಭ. 100 ಚದರ ಮೀಟರ್ ಮಾಡು, 3,000 ಮಿಲಿಮೀಟರ್ ಮಳೆ, ಐದನೇ ಒಂದು ಭಾಗ ಪೋಲು ಅಂತ ಬಿಟ್ಟರೂ 2,40,000 ಲೀಟರ್. ತೊಂದರೆ ಏನೆಂದರೆ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಆದ್ದರಿಂದ ಆಡಿಟರ್‌ಗೆ ಮಳೆಯ ಅಂಕಿ ತೋರಿಸಿದರೆ ಸಾಲದು, ಮಾರ್ಚ್ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ತೋರಿಸಿ.

ಹಂತ 8: ಕಾಗದಪತ್ರ ಮತ್ತು ಆಡಿಟರ್

ರೇಟಿಂಗ್ ಸಂಸ್ಥೆಯಲ್ಲಿ ನೋಂದಣಿ, ಕಟ್ಟುವ ಕೆಲಸ ಶುರುವಾಗುವ ಮೊದಲೇ ಆಗಬೇಕು. ಮುಗಿದ ಮೇಲೆ ಹೋದರೆ ಗೋಡೆಯೊಳಗೆ ಏನಿದೆ ಅಂತ ತೋರಿಸಲು ಸಾಧ್ಯವಿಲ್ಲ. ತಳಪಾಯ, ಗೋಡೆ, ಮಾಡು ಮುಚ್ಚುವ ಮೊದಲಿನ ಫೋಟೋಗಳು ತಾರೀಖಿನ ಸಮೇತ ಬೇಕು. ಬಿಲ್ಲಿನಲ್ಲಿ ‘ಸಿಮೆಂಟ್ 50 ಮೂಟೆ’ ಅಂತಿದ್ದರೆ ಸಾಲದು, ಯಾವ ಬಗೆ ಎಂದು ಬರೆಸಿ. ಹಳೇ ಸಾಮಾನಿಗೆ ಬಿಲ್ಲೇ ಇರುವುದಿಲ್ಲ. ಕೊಟ್ಟವರ ಸಹಿ, ತೂಕ, ಕಟ್ಟಡದ ಫೋಟೋ ಇರುವ ಒಂದು ಪತ್ರ ಮಾಡಿಸಿ. ಮಾರಿದ ಗುಜರಿಗೂ ತೂಕದ ಚೀಟಿ ಇಡಿ.

ಆಡಿಟರ್ ಬಂದಾಗ ಮೇಸ್ತ್ರಿಯನ್ನೂ ಬಡಗಿಯನ್ನೂ ಕರೆಸಿ. ‘ಈ ಪಕ್ಕಾಸು ಎಲ್ಲಿಂದ ಬಂತು’ ಅಂತ ಕೇಳಿದರೆ ಮಾಲೀಕರಿಗಿಂತ ಅವರ ಉತ್ತರ ಖಚಿತ. ಕೊನೆಗೆ ಹೊಸ ಮನೆಗೂ ಅದೇ ಆರು ಕಾಲಂ ಪಟ್ಟಿ ಮಾಡಿ, ಜೊತೆಗೆ ಏಳನೆಯದಾಗಿ ‘ಬಿಚ್ಚುವುದು ಹೇಗೆ’ ಅಂತ ಸೇರಿಸಿ. ಯುರೋಪಿನಲ್ಲಿ ಇದನ್ನು ಸಾಮಗ್ರಿ ಪಾಸ್‌ಪೋರ್ಟ್ ಅನ್ನುತ್ತಾರೆ. ಒಂದು ಪ್ರತಿ ಆಸ್ತಿ ಪತ್ರಗಳ ಜೊತೆ ಇಡಿ.

ಹಂತ 9: ಯಾವಾಗ ಏನು

ಪಟ್ಟಿಯ ಕೆಲಸ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮುಗಿಸಿ. ಆಗ ಸೋರಿಕೆಯ ಗುರುತುಗಳೂ ಹಸಿಯಾಗಿ ಕಾಣುತ್ತವೆ. ನಕ್ಷೆ, ಪಂಚಾಯಿತಿ ಪರವಾನಗಿ, ನೋಂದಣಿ ನವೆಂಬರ್-ಡಿಸೆಂಬರ್‌ನ ಪುತ್ತರಿ ಹಬ್ಬದ ಒಳಗೆ. ಹಂಚು ಇಳಿಸಲು ಜನವರಿ-ಫೆಬ್ರವರಿ ಸರಿಯಾದ ಕಾಲ, ಆದರೆ ಕಾಫಿ ಕುಯ್ಲಿಗೆ ಆಳು ಸಿಗದ ಕಾಲವೂ ಅದೇ. ಒಂದು ತಂಡಕ್ಕೆ ಮೊದಲೇ ಮಾತು ಕೊಟ್ಟು, ಸಾಧ್ಯವಾದರೆ ಮುಂಗಡವನ್ನೂ ಕೊಟ್ಟಿಡಿ. ಏಪ್ರಿಲ್‌ಗೆ ತಳ್ಳಿದರೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದು ಬಿಚ್ಚಿಟ್ಟ ಮರ ನೆನೆಯುತ್ತದೆ. ಮೇ ಕೊನೆಗೆ ಹೊಸ ಮಾಡು ಕೂರಬೇಕು. ಒಳಗಿನ ಕೆಲಸ, ಫೈಲು ಜೋಡಿಸುವುದು, ಆಡಿಟರ್ ಜೊತೆಗಿನ ಪತ್ರ ವ್ಯವಹಾರ ಮಳೆಗಾಲದಲ್ಲಿ ನಡೆಯಲಿ.